ಸೊಳ್ಳೆ ಊರು ದಾಟುವುದಿಲ್ಲ, ಜ್ವರ ದಾಟುತ್ತದೆ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಆರೋಗ್ಯ ಪಾಠ)



ಒಂದು ಮಳೆಗಾಲದಲ್ಲಿ ಯಲ್ಲಾಪುರ ಕಡೆಯ ಸಂಘವೊಂದರ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತರು. "ಸಿಸ್ಟರ್, ತೋಟದ ಕೆಲಸಕ್ಕೆ ಬಂದವರ ಶೆಡ್ಡಲ್ಲಿ ಇಬ್ಬರಿಗೆ ಜ್ವರ. ಅವರನ್ನ ಊರಿಗೆ ಕಳಿಸ್ಲಿಕ್ಕೆ ಹೇಳಿ. ನಮ್ಮ ಕೇರಿಗೆ ಜ್ವರ ತಂದಿದ್ದೇ ಅವರು" ಎಂದರು. ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ತಾಯಿ ತಲೆ ತಗ್ಗಿಸಿದರು. ಅವರ ಮಗ ಬೆಂಗಳೂರಿನ ಹೋಟೆಲ್ ಕೆಲಸದಿಂದ ಜ್ವರ ತಗೊಂಡೇ ಮನೆಗೆ ಬಂದಿದ್ದ. ಜನ ಏನೆಂದಾರೋ ಅಂತ ಹೆದರಿ ಅವರು ಯಾರಿಗೂ ಹೇಳಿರಲಿಲ್ಲ. ಒಬ್ಬರಲ್ಲಿ ಸಿಟ್ಟು, ಇನ್ನೊಬ್ಬರಲ್ಲಿ ಹೆದರಿಕೆ. ಎರಡರಿಂದಲೂ ಜ್ವರ ನಿಲ್ಲುವುದಿಲ್ಲ. ಹಾಗಾದರೆ ಯಾವುದರಿಂದ ನಿಲ್ಲುತ್ತದೆ? ಇದೇ ಈ ಸಲದ ಪಾಠ.

ಜ್ವರ ಹೇಗೆ ಪ್ರಯಾಣ ಮಾಡುತ್ತದೆ?

ಡೆಂಗ್ಯೂ ಮತ್ತು ಚಿಕೂನ್‌ಗುನ್ಯಾ ಹರಡುವುದು ಈಡಿಸ್ ಎಂಬ ಸೊಳ್ಳೆ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹಗಲು ಹೊತ್ತು, ಬೆಳಿಗ್ಗೆ ಮತ್ತು ಸಂಜೆ ಜಾಸ್ತಿ. ಈ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದೇ ಅಪರೂಪ. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಅದು ಹಾರಿ ಬರುವುದಿಲ್ಲ.

ಬರುವುದು ವೈರಾಣು, ಅದೂ ನಮ್ಮ ರಕ್ತದಲ್ಲಿ ಕೂತು, ಬಸ್ಸಿನಲ್ಲಿ, ರೈಲಿನಲ್ಲಿ, ವಿಮಾನದಲ್ಲಿ. ಜ್ವರ ಬಂದ ಮೊದಲ ವಾರ ರೋಗಿಯ ರಕ್ತದಲ್ಲಿ ವೈರಾಣು ಇರುತ್ತದೆ. ಆಗ ನಮ್ಮೂರಿನ ಈಡಿಸ್ ಸೊಳ್ಳೆ ಅವರನ್ನು ಕಚ್ಚಿದರೆ ವೈರಾಣು ಅದರ ಹೊಟ್ಟೆ ಸೇರುತ್ತದೆ. ಕೆಲವು ದಿನಗಳಲ್ಲಿ ಅಲ್ಲಿ ಬೆಳೆದು, ಆಮೇಲೆ ಆ ಸೊಳ್ಳೆ ಸಾಯುವ ತನಕ ಕಚ್ಚಿದವರಿಗೆ ರೋಗ ದಾಟಿಸಬಹುದು. ರೋಗಿಯನ್ನು ಮುಟ್ಟಿದರೆ, ಒಟ್ಟಿಗೆ ಕೂತು ಉಂಡರೆ ಈ ರೋಗ ಬರುವುದಿಲ್ಲ.

೨೦೦೬ರ ನೆನಪು

ಚಿಕೂನ್‌ಗುನ್ಯಾ ಮೊದಲು ಗುರುತಾದದ್ದು ೧೯೫೨-೫೩ರಲ್ಲಿ, ಆಫ್ರಿಕದ ಈಗಿನ ತಾಂಜಾನಿಯಾದಲ್ಲಿ. ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ಆ ಹೆಸರಿಗೆ ಮೈ ಬಗ್ಗಿಸುವುದು ಎಂಬ ಅರ್ಥ. ನಮ್ಮಲ್ಲಿ ಕೆಲವರು ಕೋಳಿ ತಿಂದರೆ ಬರುತ್ತದೆ ಅಂದುಕೊಂಡು ಚಿಕನ್ ಬಿಟ್ಟಿದ್ದರು! ಕೋಳಿಗೂ ಇದಕ್ಕೂ ಸಂಬಂಧವಿಲ್ಲ.

ಭಾರತದಲ್ಲಿ ೧೯೬೩ರಲ್ಲಿ ಕೋಲ್ಕತ್ತದಲ್ಲಿ, ೧೯೭೩ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಈ ರೋಗ ಕಾಣಿಸಿತ್ತು. ಆಮೇಲೆ ಸುಮಾರು ಮೂವತ್ತು ವರ್ಷ ಸದ್ದಿಲ್ಲ. ೨೦೦೪ರಲ್ಲಿ ಕೀನ್ಯಾದ ಕರಾವಳಿಯಲ್ಲಿ ಎದ್ದ ಜ್ವರ ಹಿಂದೂ ಮಹಾಸಾಗರದ ದ್ವೀಪಗಳಿಗೆ ಹಬ್ಬಿತು. ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲಿ ಒಬ್ಬರು ಮಲಗಿದರು. ೨೦೦೫ರ ಕೊನೆಗೆ ಆಂಧ್ರ, ಕರ್ನಾಟಕಕ್ಕೂ ಬಂತು. ೨೦೦೬ರಲ್ಲಿ ದೇಶದಲ್ಲಿ ವರದಿಯಾದ ಸುಮಾರು ೧೩.೯ ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ನಮ್ಮ ರಾಜ್ಯದ್ದೇ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಪರೀಕ್ಷಿಸಿದಾಗ ಇದು ಹಿಂದೆ ಭಾರತದಲ್ಲಿದ್ದ ತಳಿಯಲ್ಲ, ಆಫ್ರಿಕದ ತಳಿ ಎಂದು ತಿಳಿಯಿತು. ಸಮುದ್ರ ದಾಟಿಸಿದ್ದು ಮನುಷ್ಯರ ಓಡಾಟ.

ಮರುವರ್ಷ ನಡೆದದ್ದನ್ನೂ ಕೇಳಿ. ೨೦೦೭ರ ಬೇಸಿಗೆಯಲ್ಲಿ ಕೇರಳದಿಂದ ಒಬ್ಬರು ಇಟಲಿಯ ಒಂದು ಸಣ್ಣ ಊರಿಗೆ ನೆಂಟರನ್ನು ನೋಡಲು ಹೋದರು. ಅಲ್ಲಿ ಜ್ವರ ಬಂತು. ಆ ಊರಲ್ಲಿ ಈಡಿಸ್ ಜಾತಿಯ ಹುಲಿ ಸೊಳ್ಳೆ ಮೊದಲೇ ಇತ್ತು. ಹಳೇ ಟಯರುಗಳಲ್ಲಿ ಅಂಟಿಕೊಂಡ ಮೊಟ್ಟೆಗಳ ಮೂಲಕ ಅದು ೧೯೯೦ರಲ್ಲಿ ಇಟಲಿ ಸೇರಿತ್ತು. ಕೆಲವೇ ವಾರಗಳಲ್ಲಿ ಅಕ್ಕಪಕ್ಕದ ಊರುಗಳ ಸುಮಾರು ಇನ್ನೂರು ಜನರಿಗೆ ಚಿಕೂನ್‌ಗುನ್ಯಾ ಬಂತು. ನೋಡಿ, ಅಲ್ಲಿ ಹೊರಗಿನಿಂದ ಜ್ವರ ತಂದವರು ನಮ್ಮವರು! ನೆಂಟರ ಮನೆಗೆ ಹೋದದ್ದು ಅವರ ತಪ್ಪೇ? ಅಲ್ಲ. ಹಾಗೆಯೇ ದುಡಿಯಲು ಬಂದದ್ದು ಶೆಡ್ಡಿನವರ ತಪ್ಪೂ ಅಲ್ಲ.

ನಮ್ಮ ಮೂರು ತಾಲ್ಲೂಕುಗಳಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳು ಬೆಂಗಳೂರು, ಗೋವಾ, ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾರೆ. ಘಟ್ಟದ ಮೇಲಿನ ತೋಟಗಳಿಗೆ ಬಯಲುಸೀಮೆಯಿಂದ ಕೂಲಿಯವರು ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಯಲ್ಲಾಪುರದ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿ ಓಡುತ್ತವೆ. ಈ ಓಡಾಟ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂ ಬಾರದು. ಅದು ನಮ್ಮ ಅನ್ನ.

ನಿಲ್ಲಿಸಬೇಕಾದದ್ದು ಸೊಳ್ಳೆಯ ಸಂಸಾರ. ಒಂದು ಜಾತಿಯ ಈಡಿಸ್ ಮನೆಯ ಡ್ರಮ್ಮು, ಸಿಮೆಂಟ್ ತೊಟ್ಟಿಯಲ್ಲಿ ಬೆಳೆಯುತ್ತದೆ. ಹುಲಿ ಸೊಳ್ಳೆಗೆ ತೋಟ ಇಷ್ಟ: ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಒಡೆದ ಕೊಡ, ಹಳೇ ಟಯರು. ನಾಲ್ಕು ಚಮಚ ಮಳೆನೀರು ನಿಂತರೂ ಸಾಕು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಅದಕ್ಕೇ ವಾರಕ್ಕೊಂದು ದಿನ ನೀರು ಚೆಲ್ಲಿ ಒಣಗಿಸಬೇಕು ಎನ್ನುವುದು. ಬರೀ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಅಲ್ಲಿ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ.

ಮಂಗನ ಕಾಯಿಲೆ ಬೇರೆ

೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲಿ ೨೦೨೪ರಲ್ಲೂ ಕಾಣಿಸಿತ್ತು. ಅದೂ ವೈರಾಣುವೇ. ಆದರೆ ಅದನ್ನು ದಾಟಿಸುವುದು ಸೊಳ್ಳೆಯಲ್ಲ, ಕಾಡಿನ ಉಣ್ಣೆ, ಅಂದರೆ ಉಣುಗು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಜ್ವರ ಬಂದಾಗ ಡಾಕ್ಟರಿಗೆ ಎರಡು ವಿಷಯ ತಪ್ಪದೆ ಹೇಳಿ: ಕಾಡಿಗೆ ಹೋಗಿದ್ದಿರಾ? ಬೇರೆ ಊರಿಂದ ಬಂದಿರಾ?

ನಾವು ಮಾಡಬೇಕಾದದ್ದು

೧. ಜ್ವರವಿದ್ದವರನ್ನು ಮೊದಲ ಒಂದು ವಾರ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಪರದೆ ರೋಗಿಗಲ್ಲ, ಊರಿಗೆ ರಕ್ಷಣೆ.

೨. ಜ್ವರ ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

೩. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಿ. ನೋವಿಗೆಂದು ಆಸ್ಪಿರಿನ್, ಬ್ರೂಫೆನ್‌ನಂಥ ಮಾತ್ರೆ ಅಂಗಡಿಯಿಂದ ತಂದು ನುಂಗಬೇಡಿ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ ಇದೆ. ಗಂಜಿ, ಎಳನೀರು, ಮಜ್ಜಿಗೆ ಧಾರಾಳ ಕೊಡಿ.

೪. ಜ್ವರ ಬಿಟ್ಟಿತು ಅಂತ ನಿಶ್ಚಿಂತರಾಗಬೇಡಿ. ಡೆಂಗ್ಯೂ ಕೆರಳುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ವಿಪರೀತ ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ತೀರಾ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಡೆಂಗ್ಯೂವಿನಲ್ಲಿ ನಾಲ್ಕು ವಿಧ. ಒಮ್ಮೆ ಬಂದವರಿಗೆ ಇನ್ನೊಂದು ವಿಧ ಬಂದರೆ ಹೆಚ್ಚು ಕಠಿಣವಾಗಬಹುದು.

೫. ಸಭೆಯ ದಿನವನ್ನೇ "ಒಣ ದಿನ" ಮಾಡಿ. ಸಭೆಗೆ ಮೊದಲು ಅರ್ಧ ಗಂಟೆ ಪ್ರತಿ ಸದಸ್ಯೆಯ ಅಂಗಳ ಮತ್ತು ಕೂಲಿಯವರ ಶೆಡ್ಡು ನೋಡಿ ಬನ್ನಿ. ೨೦೨೪ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತು ಮಾಡಿತು. ದಂಡಕ್ಕೆ ಹೆದರಿ ಬೇಡ, ನಮ್ಮ ಮಕ್ಕಳಿಗಾಗಿ ಮಾಡೋಣ.

ಆ ದಿನದ ಸಭೆ ಹೇಗೆ ಮುಗಿಯಿತು ಗೊತ್ತೇ? ತಲೆ ತಗ್ಗಿಸಿದ್ದ ತಾಯಿ ಕೊನೆಗೆ ಬಾಯಿಬಿಟ್ಟು, "ನನ್ನ ಮಗನಿಗೂ ಜ್ವರ, ನಾಲ್ಕು ದಿನ ಆಯ್ತು" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲು ಸಿಟ್ಟಾಗಿದ್ದ ಸದಸ್ಯೆಯೇ, "ನಮ್ಮನೇಲಿ ಒಂದು ಪರದೆ ಸುಮ್ಮನೆ ಬಿದ್ದಿದೆ, ತಗೊಂಡು ಹೋಗಿ" ಎಂದರು. ಶೆಡ್ಡಿನವರಿಗೆ ಸಂಘದ ಹಣದಿಂದ ಇನ್ನೆರಡು ಪರದೆ ತರುವುದೆಂದು ಠರಾವು ಬರೆದೆವು.

ಚರ್ಚೆಗೆ

೧. ಕಳೆದ ವರ್ಷ ಜ್ವರದಿಂದ ನಮ್ಮ ಸಂಘದ ಸದಸ್ಯೆಯರಿಗೆ ಎಷ್ಟು ದಿನದ ಕೂಲಿ ತಪ್ಪಿತು? ಎಷ್ಟು ಸಾಲ ಆಯಿತು?

೨. ನಮ್ಮ ಅಂಗಳದಲ್ಲಿ ಈ ವಾರ ನೀರು ನಿಂತ ಮೂರು ಜಾಗ ಯಾವುವು?

೩. ನಮ್ಮೂರಿಗೆ ದುಡಿಯಲು ಬಂದವರಿಗೆ ಜ್ವರ ಬಂದರೆ ಅವರು ಯಾರ ಬಾಗಿಲು ತಟ್ಟಬೇಕು?