ಅಳಿಸಿದ ದಾಖಲೆಯೂ ಅದರ ಗೋಪ್ಯತೆಯೂ

ತಪ್ಪು ಮಾಡಿದವನಿಗೆ ದಂಡನೆ, ತಪ್ಪಿಗೆ ಈಡಾದವನಿಗೆ ರಕ್ಷಣೆ. ಇದು ದಂಡನೀತಿಯ ಮೊದಲನೆಯ ಪಾಠ. ಈ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದೇ ನಮ್ಮೆಲ್ಲರ ಎಣಿಕೆ. ಆದರೆ ಪೋಲೀಸಿನವರ ಕಡತದಲ್ಲಿ ಆಪಾದಿತೆಯೆಂದು ಹೆಸರು ಬರೆಸಿಕೊಂಡ ಹೆಣ್ಣುಮಗಳು ಆ ಹೊತ್ತಿನಲ್ಲಿ ಮತ್ತೊಬ್ಬನ ಕೈಯಲ್ಲಿ ಸೆರೆಯಾಗಿದ್ದಳೆಂದು ಮುಂದೆ ತಿಳಿದುಬಂದರೆ ಶಾಸನವು ಏನು ಮಾಡಬೇಕು? ಅಂಥ ದಾಖಲೆಯನ್ನು ಅಳಿಸಬೇಕು ಎಂಬ ಉತ್ತರವು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 2010ರಿಂದೀಚೆಗೆ ಒಂದೊಂದು ರಾಜ್ಯದಲ್ಲಿಯೂ ಶಾಸನದ ರೂಪವನ್ನು ತಾಳುತ್ತ ಬಂದಿದೆ. ಅಳಿಸಿದ್ದನ್ನು ಗುಟ್ಟಾಗಿ ಕಾಪಾಡುವುದು ಹೇಗೆ ಎಂಬುದು ಅದಕ್ಕಿಂತಲೂ ತೊಡಕಿನ ಪ್ರಶ್ನೆ. ಈ ಎರಡನೆಯದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಮಾನವ ಸಾಗಣೆ ಎಂಬ ಮಾತಿನ ಅರ್ಥವನ್ನು ತಿಳಿಯಬೇಕು. 2000ದಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ, 2003ರಲ್ಲಿ ಜಾರಿಗೆ ಬಂದ ಪಾಲೆರ್ಮೊ ಒಪ್ಪಂದದ ಪ್ರಕಾರ, ಬಲಾತ್ಕಾರ, ವಂಚನೆ, ಅಸಹಾಯಕತೆಯ ದುರುಪಯೋಗ ಮೊದಲಾದ ಉಪಾಯಗಳಿಂದ ಒಬ್ಬರನ್ನು ಶೋಷಣೆಗೆಂದು ಕರೆತರುವುದು, ಸಾಗಿಸುವುದು ಅಥವಾ ಇಟ್ಟುಕೊಳ್ಳುವುದೆಲ್ಲವೂ ಸಾಗಣೆಯೇ. ಮಕ್ಕಳ ವಿಷಯದಲ್ಲಿ ಬಲಾತ್ಕಾರವನ್ನೋ ವಂಚನೆಯನ್ನೋ ತೋರಿಸಬೇಕಾದ ಅಗತ್ಯವೂ ಇಲ್ಲ. ಇದೇ ಒಪ್ಪಂದವು, ಸಾಗಣೆಗೆ ಸಿಕ್ಕಿದವರ ಹೆಸರುಕುರುಹುಗಳನ್ನು ಕಾಪಾಡಬೇಕೆಂದೂ ಅದಕ್ಕಾಗಿ ಉಚಿತವಾದೆಡೆಯಲ್ಲಿ ನ್ಯಾಯಸ್ಥಾನದ ನಡವಳಿಕೆಗಳನ್ನೇ ರಹಸ್ಯವಾಗಿ ಇಡಬೇಕೆಂದೂ ಸದಸ್ಯ ರಾಷ್ಟ್ರಗಳಿಗೆ ಹೇಳಿದೆ.

ಅಮೆರಿಕದ ಒಂದು ನಗರದಲ್ಲಿ ಹದಿನೆಂಟು ಹತ್ತೊಂಬತ್ತರ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಕೆಲಸ ಕೊಡಿಸುವೆನೆಂದೋ ಮದುವೆಯಾಗುವೆನೆಂದೋ ನಂಬಿಸಿ ಕರೆತಂದ ತಲೆಹಿಡುಕನೊಬ್ಬನು ಅವಳನ್ನು ಊರಿಂದೂರಿಗೆ ತಿರುಗಿಸಿ ವಸತಿಗೃಹಗಳಲ್ಲಿ ಇರಿಸುತ್ತಾನೆ. ಪೋಲೀಸರು ದಾಳಿಯಿಟ್ಟಾಗ ಸಿಕ್ಕುವವಳು ಅವಳೇ ಹೊರತು ಅವನಲ್ಲ. ಅವನ ಬೆದರಿಕೆಗೆ ಅಂಜಿ ಅವಳು ಸುಳ್ಳು ಹೆಸರು ಹೇಳುತ್ತಾಳೆ. ಅದೂ ಒಂದು ಅಪರಾಧವಾಗುತ್ತದೆ. ಅವನು ಅಂಗಡಿಯಿಂದ ಕದ್ದು ತಾರೆಂದರೆ ತರುತ್ತಾಳೆ, ಮಾದಕದ್ರವ್ಯದ ಪೊಟ್ಟಣವನ್ನು ಇಟ್ಟುಕೊಳ್ಳೆಂದರೆ ಇಟ್ಟುಕೊಳ್ಳುತ್ತಾಳೆ. ಐದಾರು ವರ್ಷಗಳಲ್ಲಿ ಐದಾರು ದಸ್ತಗಿರಿಗಳು. ಕೊನೆಗೊಂದು ದಿನ ಹೇಗೋ ಪಾರಾಗಿ ಬರುತ್ತಾಳೆ. ಆಸ್ಪತ್ರೆಯಲ್ಲಿ ದಾದಿಯ ಕೈಕೆಳಗೆ ಕೆಲಸ ಕೇಳಿದರೆ ಹಿಂದಿನ ನಡತೆಯನ್ನು ವಿಚಾರಿಸುತ್ತಾರೆ. ಬಾಡಿಗೆಗೆ ಮನೆ ಕೇಳಿದರೆ ಅಲ್ಲಿಯೂ ವಿಚಾರಣೆ. ಎಲ್ಲೆಡೆಯೂ ಅವೇ ಐದಾರು ಸಾಲುಗಳು ಅವಳಿಗಿಂತ ಮೊದಲೇ ಹೋಗಿ ಕುಳಿತಿರುತ್ತವೆ.

ಈ ಸಂಕಟಕ್ಕೆ ಪರಿಹಾರವನ್ನು ಶಾಸನದಲ್ಲಿ ಮೊದಲು ಬರೆದ ರಾಜ್ಯ ನ್ಯೂಯಾರ್ಕ್, ವರ್ಷ 2010. ಆಗ ಅದು ವೇಶ್ಯಾವೃತ್ತಿಗೆ ಸಂಬಂಧಿಸಿದ ಆಪಾದನೆಗಳಿಗಷ್ಟೇ ಅನ್ವಯಿಸುತ್ತಿತ್ತು. 2013ರಲ್ಲಿ ಫ್ಲಾರಿಡಾ ರಾಜ್ಯವು ತನ್ನ ಶಾಸನವನ್ನು ಇನ್ನೂ ವಿಶಾಲವಾಗಿ ರಚಿಸಿತು. ಸಾಗಣೆಯ ಸಂಚಿನ ಅಂಗವಾಗಿ ಅಥವಾ ಅದನ್ನು ನಡೆಸುವವನ ಅಪ್ಪಣೆಯಂತೆ ನಡೆದ ಅಪರಾಧವಾದರೆ, ಕೊಲೆ ದರೋಡೆಗಳಂಥ ಘೋರಕೃತ್ಯಗಳನ್ನುಳಿದು, ಅದರ ದಾಖಲೆಯನ್ನು ಅಳಿಸಿಕೊಡಿರೆಂದು ನ್ಯಾಯಾಧೀಶರಿಗೆ ಅರ್ಜಿ ಕೊಡಬಹುದು. ಶಿಕ್ಷೆಯೇ ಆಗಿದ್ದರೂ, ಮೂಲ ನಡವಳಿಕೆಯಲ್ಲಿಯೇ ದೋಷವಿತ್ತೆಂದು ಭಾವಿಸಿ ಅದನ್ನು ರದ್ದಾದಂತೆ ಎಣಿಸಲಾಗುತ್ತದೆ. ಇತರ ಕಚೇರಿಗಳು ತಮ್ಮಲ್ಲಿರುವ ಪ್ರತಿಗಳನ್ನು ನಾಶಮಾಡಬೇಕು. ರಾಜ್ಯದ ಪೋಲೀಸ್ ಇಲಾಖೆಯು ಮಾತ್ರ ಒಂದು ಪ್ರತಿಯನ್ನು ಗೋಪ್ಯವಾಗಿ ಇಟ್ಟುಕೊಳ್ಳುತ್ತದೆ. ಅದೂ ಏಕೆಂದು ಕೇಳಬಹುದು. ಹುಡುಗಿಯನ್ನು ಎಂದು, ಎಲ್ಲಿ, ಯಾರೊಡನೆ ಹಿಡಿದರೆಂಬ ವಿವರವು ಮುಂದೆ ಆ ತಲೆಹಿಡುಕನ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬೇಕಾದೀತು. ಆದುದರಿಂದ ಇಲ್ಲಿ ಅಳಿಸುವುದೆಂದರೆ ಬಹುಮಟ್ಟಿಗೆ ಬೀಗ ಹಾಕುವುದೆಂದೇ ಅರ್ಥ.

ಇನ್ನೊಂದು ವಿಶೇಷವೂ ಉಂಟು. ದಾಖಲೆ ಅಳಿದ ಮೇಲೆ "ನಿನ್ನನ್ನು ಎಂದಾದರೂ ದಸ್ತಗಿರಿ ಮಾಡಿದ್ದರೆ?" ಎಂದು ಕೇಳಿದವರಿಗೆ ಅವಳು "ಇಲ್ಲ" ಎಂದು ಹೇಳಬಹುದು. ಪೋಲೀಸ್ ಮುಂತಾದ ದಂಡಾಡಳಿತದ ಇಲಾಖೆಗಳಲ್ಲಿ ಉದ್ಯೋಗಕ್ಕೆ ನಿಂತಾಗ ಮತ್ತು ತಾನೇ ಆಪಾದಿತೆಯಾಗಿ ನ್ಯಾಯಸ್ಥಾನದಲ್ಲಿ ನಿಂತಾಗ ಹೊರತು, ಬೇರೆಲ್ಲಿಯೂ ಆ ಉತ್ತರ ಸುಳ್ಳಾಗದು. ನಮ್ಮ ಓದುಗರಿಗೆ ಇಲ್ಲಿ ಧರ್ಮರಾಯನ ಅಶ್ವತ್ಥಾಮ ಪ್ರಸಂಗ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿಯ ಅರೆಸತ್ಯವು ಒಬ್ಬ ಗುರುವಿನ ಪ್ರಾಣವನ್ನು ತೆಗೆಯಿತು; ಇಲ್ಲಿಯ "ಇಲ್ಲ" ಎಂಬುದು ಒಬ್ಬಳಿಗೆ ಅನ್ನದ ದಾರಿಯನ್ನು ಬಿಡಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗಂತೂ ಸರಿಯೆನಿಸದು.

ಇನ್ನು ಮುಖ್ಯವಾದ ತೊಡಕಿಗೆ ಬರೋಣ. ದಾಖಲೆಯನ್ನು ಅಳಿಸಬೇಕಾದರೆ ಅವಳು ತಾನು ಸಾಗಣೆಗೆ ಸಿಕ್ಕಿದ್ದೆನೆಂಬುದನ್ನು ನ್ಯಾಯಾಧೀಶರಿಗೆ ಮನಗಾಣಿಸಬೇಕು. ಸರ್ಕಾರದ ಅಧಿಕೃತ ಪತ್ರವಿದ್ದರೆ ಶಾಸನವು ಅದನ್ನು ನಂಬಿ ನಡೆಯುತ್ತದೆ. ಇಲ್ಲದಿದ್ದರೆ ಅವಳೇ ಎಲ್ಲವನ್ನೂ ಹೇಳಬೇಕು. ಯಾರು ಕರೆತಂದರು, ಎಲ್ಲಿ ಕೂಡಿಹಾಕಿದರು, ಹೇಗೆ ಹೊಡೆದರು, ಎಷ್ಟು ಕಾಲ? ಹಳೆಯ ದಾಖಲೆಯಲ್ಲಿ ಇದ್ದುದು ಒಂದು ತಾರೀಖು, ಒಂದು ಕಲಮು, ಒಂದು ಹೆಸರು. ಅದನ್ನು ಅಳಿಸಲೆಂದು ಕೊಟ್ಟ ಅರ್ಜಿಯಲ್ಲಿ ಇರುವುದು ಅವಳ ಬಾಳಿನ ಅತ್ಯಂತ ನೋವಿನ ಕಥೆ, ಅದೂ ಪ್ರಮಾಣಪೂರ್ವಕವಾಗಿ. ಆ ಅರ್ಜಿ ಯಾರು ಬೇಕಾದರೂ ತೆಗೆದು ನೋಡುವ ಕಡತದಲ್ಲಿ ಬಿದ್ದರೆ, ಸಣ್ಣ ಕಲೆಯನ್ನು ತೊಳೆಯಲು ಹೋಗಿ ಬಟ್ಟೆಗೆಲ್ಲ ಮಸಿ ಚೆಲ್ಲಿಕೊಂಡಂತೆ. ಅಷ್ಟೇ ಅಲ್ಲ: ತಲೆಹಿಡುಕನು ಇನ್ನೂ ಹೊರಗಿದ್ದರೆ, ಅವಳು ಈಗ ಯಾವ ಊರಿನಲ್ಲಿದ್ದಾಳೆ, ಅವಳ ಪರವಾಗಿ ಯಾವ ವಕೀಲರಿದ್ದಾರೆ ಎಂಬ ವಿಳಾಸವನ್ನು ನ್ಯಾಯಸ್ಥಾನವೇ ಅವನಿಗೆ ಬರೆದುಕೊಟ್ಟ ಹಾಗಾಗುತ್ತದೆ. ಈ ಅಂಜಿಕೆಯಿಂದ ಅರ್ಹಳಾದವಳು ಅರ್ಜಿಯನ್ನೇ ಕೊಡದೆ ಹಿಂದೆಗೆದರೆ ಶಾಸನವು ಇದ್ದೂ ಇಲ್ಲದಂತೆ. ಗೋಪ್ಯತೆಯು ಪರಿಹಾರಕ್ಕೆ ಸೇರಿಸಿದ ಅಲಂಕಾರವಲ್ಲ, ಪರಿಹಾರದ ಅರ್ಧಭಾಗ.

ನ್ಯೂಯಾರ್ಕ್ ಈ ಕೊರತೆಯನ್ನು 2021ರಲ್ಲಿ ತುಂಬಿತು. ಆ ವರ್ಷದ ತಿದ್ದುಪಡಿಯಿಂದ ಪರಿಹಾರವು ಎಲ್ಲ ಬಗೆಯ ಅಪರಾಧಗಳಿಗೂ ವಿಸ್ತರಿಸಿದುದಲ್ಲದೆ, ಅರ್ಜಿಯೂ ಅದರೊಡನೆ ಸಲ್ಲಿಸಿದ ಕಾಗದಗಳೂ ಗೋಪ್ಯವೆಂದು ವಿಧಿಸಲ್ಪಟ್ಟಿತು. ಪರಿಹಾರಕ್ಕೂ ಅದರ ಪೂರ್ಣವಾದ ರಕ್ಷಣೆಗೂ ನಡುವೆ ಹನ್ನೊಂದು ವರ್ಷಗಳ ಅಂತರ.

ಫ್ಲಾರಿಡಾದಲ್ಲಿ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ಸರ್ಕಾರದ ಕಾಗದಪತ್ರಗಳು ಜನರ ಸೊತ್ತು ಎಂಬ ತತ್ತ್ವವನ್ನು ಅಷ್ಟು ನಿಷ್ಠೆಯಿಂದ ಹಿಡಿದಿರುವ ರಾಜ್ಯಗಳು ವಿರಳ. ಅಲ್ಲಿಯ ಸಾರ್ವಜನಿಕ ದಾಖಲೆಗಳ ಶಾಸನವು 1909ರಷ್ಟು ಹಳೆಯದು; 1992ರಲ್ಲಿ ಆ ಹಕ್ಕನ್ನು ರಾಜ್ಯದ ಸಂವಿಧಾನದಲ್ಲಿಯೇ ಬರೆದರು. ಯಾವುದೇ ಕಾಗದವನ್ನು ಜನರ ಕಣ್ಣಿನಿಂದ ಮರೆಮಾಡಬೇಕಾದರೆ ಶಾಸನಸಭೆಯು ಪ್ರತ್ಯೇಕ ಮಸೂದೆಯನ್ನು ತಂದು, ಅದರ ಅವಶ್ಯಕತೆ ಏನೆಂಬುದನ್ನು ಅದರಲ್ಲಿಯೇ ವಿವರಿಸಬೇಕು. 2002ರ ತಿದ್ದುಪಡಿಯ ಮೇಲೆ ಎರಡೂ ಸಭೆಗಳಲ್ಲಿ ಮೂರನೆಯ ಎರಡು ಪಾಲು ಮತಗಳೂ ಬೇಕು. ಹಾಗೆ ಒಪ್ಪಿಗೆ ಪಡೆದ ಹೊಸ ವಿನಾಯಿತಿಯೂ ಐದು ವರ್ಷಗಳಲ್ಲಿ ಮರುಪರಿಶೀಲನೆಗೆ ಬರುತ್ತದೆ; ಸಭೆಯು ಮತ್ತೆ ಉಳಿಸಿಕೊಳ್ಳದಿದ್ದರೆ ತಾನಾಗಿಯೇ ಬಿದ್ದುಹೋಗುತ್ತದೆ. ಅಳಿಸಿದ ದಾಖಲೆಯ ಉಳಿದ ಪ್ರತಿಯೂ, ಆ ಸಂತ್ರಸ್ತೆ ಯಾರೆಂದು ತಿಳಿಸಬಲ್ಲ ತನಿಖೆಯ ವಿವರಗಳೂ ಗೋಪ್ಯವೆನ್ನುವ ವಿಧಿಗಳು ಈ ಇಕ್ಕಟ್ಟಾದ ಬಾಗಿಲಿನಿಂದಲೇ ಬರಬೇಕಾಯಿತು. ಈ ಕಟ್ಟುಪಾಡು ಹೆಚ್ಚಾಯಿತೆಂದು ನಾನು ಹೇಳಲಾರೆ. ಮುಚ್ಚಿಡುವ ಅಧಿಕಾರ ಸುಲಭವಾಗಿ ಸಿಕ್ಕುವ ಕಡೆ ಮೊದಲು ಮುಚ್ಚಿಹೋಗುವುದು ಅಧಿಕಾರಿಗಳ ತಪ್ಪೇ ಹೊರತು ಅನಾಥೆಯರ ಹೆಸರಲ್ಲ.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ನಮ್ಮ ಗಾದೆಗೆ ಫ್ಲಾರಿಡಾದಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಜಾಕ್ಸನ್‌ವಿಲ್ ನಗರದ ಒಂದು ವಾರಪತ್ರಿಕೆಯು ಅತ್ಯಾಚಾರಕ್ಕೊಳಗಾದ ಮಹಿಳೆಯ ಪೂರ್ಣ ಹೆಸರನ್ನು ಅಚ್ಚುಮಾಡಿಬಿಟ್ಟಿತು. ಹಾಗೆ ಪ್ರಕಟಿಸಕೂಡದೆಂದು ರಾಜ್ಯದ ಶಾಸನವಿತ್ತು. ಆದರೆ ಹೆಸರು ಪತ್ರಿಕೆಗೆ ದೊರೆತದ್ದು ಪೋಲೀಸರೇ ತಮ್ಮ ವರದಿಗಾರರ ಕೊಠಡಿಯಲ್ಲಿ ಇಟ್ಟಿದ್ದ ವರದಿಯಿಂದ! 1989ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಸ್ಥಾನವು, ಸರ್ಕಾರವೇ ಕೈಯಾರೆ ಹೊರಗಿಟ್ಟ ನಿಜಸಂಗತಿಯನ್ನು ಪ್ರಕಟಿಸಿದ್ದಕ್ಕಾಗಿ ಪತ್ರಿಕೆಯಿಂದ ಪರಿಹಾರಧನವನ್ನು ವಸೂಲುಮಾಡಲಾಗದೆಂದು ತೀರ್ಪಿತ್ತಿತು. ಆ ಮಹಿಳೆಯ ಹೆಸರು ಮೊಕದ್ದಮೆಯ ಕಾಗದಗಳಲ್ಲಿ ಬರಿಯ ಮೊದಲಕ್ಷರಗಳಾಗಿ ಉಳಿದದ್ದು ಆಮೇಲಿನ ಮಾತು. ಇದರಂತೆಯೇ 2011ರಲ್ಲಿ ನ್ಯೂಜರ್ಸಿಯ ಉಚ್ಚತಮ ನ್ಯಾಯಸ್ಥಾನವು, ಅಳಿಸಿದ ಶಿಕ್ಷೆಯನ್ನು ಚುನಾವಣೆಯ ಕರಪತ್ರದಲ್ಲಿ ಎತ್ತಿ ಆಡಿದವರ ಮೇಲೆ ಹೂಡಿದ ಮಾನನಷ್ಟದ ದಾವೆಯಲ್ಲಿ, ದಾಖಲೆ ಅಳಿದರೂ ನಡೆದುದು ನಡೆಯದಂತಾಗದು, ಸತ್ಯವೆಂಬ ಪ್ರತಿವಾದ ನಿಲ್ಲುತ್ತದೆ ಎಂದಿತು. ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಿದರೆ, ಗುಟ್ಟು ಹೊರಬಿದ್ದ ಮೇಲೆ ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಮಾರ್ಗ ಬಹಳ ಇಕ್ಕಟ್ಟಾದುದೆಂದು ತೋರುತ್ತದೆ. ಕಾಪಾಡುವುದಾದರೆ ಕಡತ ಇರುವ ಕಪಾಟಿನಲ್ಲಿಯೇ ಕಾಪಾಡಬೇಕು.

ಹಾಗೆ ಕಾಪಾಡುವುದೂ ಹಿಂದಿನಂತೆ ಸುಲಭವಲ್ಲ. ನೌಕರಿ ಕೊಡುವವರಿಗೂ ಮನೆಯ ಮಾಲೀಕರಿಗೂ ಜನರ ಪೂರ್ವಚರಿತ್ರೆಯನ್ನು ಮಾರುವ ಖಾಸಗಿ ಸಂಸ್ಥೆಗಳು ಆ ದೇಶದಲ್ಲಿವೆ. ಇವು ನ್ಯಾಯಸ್ಥಾನಗಳ ದಾಖಲೆಗಳನ್ನು ರಾಶಿರಾಶಿಯಾಗಿ ಕೊಂಡು ತಮ್ಮ ಗಣಕಯಂತ್ರಗಳಲ್ಲಿ ತುಂಬಿಕೊಳ್ಳುತ್ತವೆ. ಇಂದು ನ್ಯಾಯಾಧೀಶರು ಅಳಿಸಿದ ಸಾಲು ಕಳೆದ ವರ್ಷ ಮಾರಾಟವಾದ ಪ್ರತಿಯಲ್ಲಿ ಹಾಗೆಯೇ ಇರುತ್ತದೆ. 1970ರ ಕೇಂದ್ರ ಶಾಸನವೊಂದು ಇಂಥ ಸಂಸ್ಥೆಗಳು ತಮ್ಮ ವರದಿಗಳ ನಿಷ್ಕೃಷ್ಟತೆಗಾಗಿ ತಕ್ಕ ಕ್ರಮಗಳನ್ನು ಕೈಗೊಳ್ಳಬೇಕೆಂದು ವಿಧಿಸಿದೆ. ಆದರೆ ತಪ್ಪನ್ನು ಕಂಡುಹಿಡಿದು, ಬರೆದು, ತಿದ್ದಿಸುವ ಕೆಲಸ ಬಹುಪಾಲು ಅವಳ ತಲೆಗೇ ಬರುತ್ತದೆ. ಅಷ್ಟರಲ್ಲಿ ಆ ನೌಕರಿ ಇನ್ನೊಬ್ಬರ ಪಾಲಾಗಿರುತ್ತದೆ.

ನಮ್ಮ ದೇಶದ ಸ್ಥಿತಿಯನ್ನೂ ಕೊಂಚ ನೋಡಬಹುದು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಒಬ್ಬ ಮಹಿಳೆಯ ಹೆಸರು ಹಳೆಯ ತೀರ್ಪೊಂದರ ಮೂಲಕ ಅಂತರ್ಜಾಲದ ಹುಡುಕಾಟದಲ್ಲಿ ಕಾಣಿಸಿಕೊಳ್ಳದಂತೆ ನೋಡಿಕೊಳ್ಳಬೇಕೆಂದು ತನ್ನ ಕಚೇರಿಗೆ ಆದೇಶವಿತ್ತಿತು. ಅದು ಸಾಗಣೆಯ ಮೊಕದ್ದಮೆಯಲ್ಲ; ಆದರೆ ಕಪಾಟಿನಲ್ಲಿಯೇ ಕಾಪಾಡುವುದೆಂದರೆ ಏನೆಂಬುದಕ್ಕೆ ನಮ್ಮ ನೆಲದ ಉದಾಹರಣೆ.

ಮಕ್ಕಳ ವಿಷಯದಲ್ಲಿ ನಮ್ಮ ಶಾಸನವು ಸ್ಪಷ್ಟವಾಗಿಯೇ ಇದೆ. 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಮಿನಂತೆ, ಕೆಲವು ಘೋರ ಪ್ರಕರಣಗಳನ್ನುಳಿದು, ಮಗುವಿನ ಮೇಲಿನ ತೀರ್ಪಿನ ದಾಖಲೆಗಳನ್ನು ಅಪೀಲಿನ ಅವಧಿಯೋ ಯುಕ್ತವಾದ ಕಾಲವೋ ಕಳೆದ ಮೇಲೆ ನಾಶಪಡಿಸಬೇಕು. 74ನೆಯ ಕಲಮು, ಮುಗಿದ ಪ್ರಕರಣದ ದಾಖಲೆಯನ್ನು ನಡತೆಯ ಪ್ರಮಾಣಪತ್ರಕ್ಕಾಗಿಯೂ ಪೋಲೀಸರು ಹೊರಗೆಡಹಕೂಡದೆಂದು ತಡೆಯುತ್ತದೆ. ನೌಕರಿಗೆ ಸೇರುವಾಗ ಪೋಲೀಸ್ ಠಾಣೆಯಿಂದ ಪ್ರಮಾಣಪತ್ರ ತರಬೇಕಾಗಿ ಬರುವ ನಮ್ಮ ವಿದ್ಯಾರ್ಥಿಮಿತ್ರರಿಗೆ ಈ ಒಂದು ವಾಕ್ಯದ ಬೆಲೆ ಎಷ್ಟೆಂಬುದು ತಿಳಿದೀತು. ಆದರೆ ಅಪರಾಧ ನಡೆದ ದಿನದಂದು ಹದಿನೆಂಟು ತುಂಬಿದ್ದವಳು ಈ ಎರಡು ಕಲಮುಗಳ ಆಶ್ರಯಕ್ಕೆ ಹೊರಗು. 1956ರಲ್ಲಿ ಬಂದು 1986ರಲ್ಲಿ ಹೆಸರು ಬದಲಾಯಿಸಿಕೊಂಡ ಅನೈತಿಕ ವ್ಯವಹಾರ ತಡೆ ಕಾಯಿದೆಯ 8ನೆಯ ಕಲಮು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆದವಳಿಗೆ ಮೊದಲ ಸಲ ಆರು ತಿಂಗಳವರೆಗೆ ಸೆರೆವಾಸವನ್ನೋ ಐನೂರು ರೂಪಾಯಿಗಳವರೆಗೆ ದಂಡವನ್ನೋ ವಿಧಿಸುತ್ತದೆ. ಅವಳನ್ನು ಅಲ್ಲಿ ನಿಲ್ಲಿಸಿದವನು ಯಾರೆಂದು ಆಮೇಲೆ ಗೊತ್ತಾದಾಗ ಆ ಸಾಲನ್ನು ಅಳಿಸಿಕೊಡಿರೆಂದು ಕೇಳಲು ಅದೇ ಕಾಯಿದೆಯಲ್ಲಿ ಒಂದು ಕಲಮೂ ಇಲ್ಲ.