ಜ್ವರಕ್ಕೆ ಹೆದರಿ ಸೂಜಿ ಬಿಡಬೇಡ

ಮಗಳೇ, ಆರನೇ ವಾರದ ಚುಚ್ಚುಮದ್ದಿಗೆ ಮಗುವಿನ ಮೈ ಬೆಚ್ಚಗಾಯಿತು, ತೊಡೆ ಊದಿಕೊಂಡಿತು. ಅಷ್ಟಕ್ಕೇ ಹತ್ತನೇ ವಾರದ್ದು ಬೇಡವೇ ಬೇಡ ಅಂತ ಕೂತಿದ್ದೀಯ. ನೀನು ಚುರುಕು, ನಾಲ್ಕು ಅಕ್ಷರ ಕಲಿತವಳು. ಆದರೆ ಆತುರ ಮಾತ್ರ ಮೂಗಿನ ತುದಿಯಲ್ಲೇ!

ಆ ಮದ್ದಿನಲ್ಲಿರೋದು ಸತ್ತ ರೋಗಾಣು, ಅದರ ಚೂರು, ಕೆಡುಕು ಮಾಡದ ಹಾಗೆ ಪಳಗಿಸಿದ ವಿಷ. ಬಿಳಿ ರಕ್ತಕಣಗಳು ಅವನ್ನು ಹಿಡಿದು, ಗುರುತಿಟ್ಟುಕೊಂಡು, ಎದುರಿಸೋಕೆ ಪ್ರತಿಕಾಯ ತಯಾರಿಸುತ್ತವೆ. ಆ ಕೆಲಸ ಶುರುವಾಯಿತು ಅನ್ನೋದರ ಸುಳಿವೇ ಜ್ವರ. ಒಂದೆರಡು ದಿನದಲ್ಲಿ ಇಳಿಯುತ್ತೆ. ಜ್ವರ ಬಾರದಿದ್ದರೂ ಒಳಗೆ ಕೆಲಸ ನಡೆದೇ ಇರುತ್ತೆ. ಮಗ್ಗಿ ಒಂದೇ ಸಲಕ್ಕೆ ಬಾಯಿಗೆ ಬರುತ್ತಾ? ತಿರುತಿರುಗಿ ಹೇಳಿಸಬೇಕು. ಅದಕ್ಕೇ 6, 10, 14ನೇ ವಾರ ಅಂತ ಇಟ್ಟಿರೋದು.

ರೋಗ ಬಂದು ಹೋದರೆ ಮಗು ತಾನೇ ಗಟ್ಟಿಯಾಗುತ್ತೆ ಅಂತ ಯಾರೋ ನಿನ್ನ ಕಿವಿ ಊದಿದ್ದಾರೆ. ನಂಬಬೇಡ. ಧನುರ್ವಾಯು ಬಂದು ಬದುಕಿದವರಿಗೂ ಚುಚ್ಚುಮದ್ದು ಬೇಕು. ಅದರ ವಿಷ ಎಷ್ಟು ಉಗ್ರ ಅಂದರೆ, ಪ್ರಾಣ ತೆಗೆಯೋಕೆ ಸಾಕಾಗುವ ತೊಟ್ಟು ಮೈಗೆ ಗುರುತು ಸಿಗೋಕೆ ಸಾಲದು. ಇನ್ನು ದಡಾರ! ಗುಳ್ಳೆ ಆರಿದ ಮೇಲೂ ಮಕ್ಕಳು ತಿಂಗಳುಗಟ್ಟಲೆ ಕೆಮ್ಮು, ಭೇದಿ ಅಂತ ಸೊರಗೋದನ್ನ ನಮ್ಮ ಕಾಲದವರು ಕಣ್ಣಾರೆ ಕಂಡಿದ್ದೇವೆ. ಕಾರಣ ಏನಂದರೆ, ಬೇರೆ ರೋಗಗಳ ಬಗ್ಗೆ ಮೈ ಗಳಿಸಿದ್ದ ನೆನಪನ್ನೂ ದಡಾರ ಅಳಿಸಿಹಾಕುತ್ತೆ. 2019ರಲ್ಲಿ ವಿಜ್ಞಾನಿಗಳು ಮಕ್ಕಳ ರಕ್ತದಲ್ಲೇ ಇದನ್ನು ತೋರಿಸಿದರು. ಹಾಗಾದರೆ ದಡಾರದ ಸೂಜಿ ಈಗಲೇ ಯಾಕಿಲ್ಲ ಅಂತೀಯಾ? ಹೊಟ್ಟೆಯಲ್ಲಿದ್ದಾಗ ನಿನ್ನಿಂದ ಹೋದ ಪ್ರತಿಕಾಯ ಕೆಲವು ತಿಂಗಳು ಮಗುವನ್ನು ಕಾಯುತ್ತೆ, ದಡಾರದ ಲಸಿಕೆಗೂ ಅಡ್ಡ ಬರುತ್ತೆ. ಅದು ಕರಗಲಿ ಅಂತಲೇ 9 ತಿಂಗಳವರೆಗೆ ಕಾಯೋದು. ಎರಡನೇದು 16ರಿಂದ 24 ತಿಂಗಳೊಳಗೆ. ಅದನ್ನೂ ಮರೀಬೇಡ.

ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರು. ತೊಡೆ ಉಜ್ಜಬೇಡ, ಅರಿಶಿನ ಮೆತ್ತಬೇಡ. ಹಾಲು ಕುಡಿಸು. ಜ್ವರದ ಡ್ರಾಪ್ಸ್ ನರ್ಸ್ ಹೇಳಿದಷ್ಟೇ ಹಾಕು. ಮಗು ಗಂಟೆಗಟ್ಟಲೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಮಂಕಾದರೆ ತಡಮಾಡದೆ ಡಾಕ್ಟರ ಹತ್ತಿರ ಓಡು. ಸಣ್ಣ ನೆಗಡಿಯ ನೆಪ ಹೂಡಿ ಸೂಜಿ ತಪ್ಪಿಸಬೇಡ. ದಿನ ತಪ್ಪಿದ್ದರೆ ಮೊದಲಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರಾಯಿತು.

ಆಶಾ ಕಾರ್ಯಕರ್ತೆ ಬಾಗಿಲಿಗೆ ಬರಲಿ ಅಂತ ಕಾಯಬೇಡ. ತಾಯಿ ಕಾರ್ಡ್ ಹುಡುಕಿಡು, ಬಿಸಿಲೇರುವ ಮುಂಚೆ ಹೊರಡು.