ಕಣ್ಣಿಗೆ ತಿಳಿನೀರು, ಹೊಟ್ಟೆಗೆ ಕಾಯಿಲೆ: ನೀರು ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

*ಮನೆಮಂದಿಯ ಆರೋಗ್ಯ ಪಾಠ – ನೀರು* 💧



ಪುರಸೈವಾಕ್ಕಂ ಸುತ್ತಮುತ್ತ ಇರುವ ನಮಗೆಲ್ಲ ಓಟೇರಿ ನಾಲೆ ಗೊತ್ತೇ ಇದೆ. ಅಯನಾವರಂ, ಓಟೇರಿ, ಪಟ್ಟಾಳಂ ದಾಟಿ ಬೇಸಿನ್ ಬ್ರಿಜ್ ಹತ್ತಿರ ಬಕಿಂಗ್‌ಹ್ಯಾಮ್ ಕಾಲುವೆ ಸೇರುವ ಕಪ್ಪು ನೀರು. ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತೇವೆ, ಮುಂದೆ ಹೋಗಿ ಮರೆತುಬಿಡುತ್ತೇವೆ. "ನಾಲೆಯ ನೀರನ್ನು ನಾವೇನು ಕುಡಿಯುತ್ತೇವೆಯೇ?" ಎಂದು ಕೇಳುವವರೂ ಇದ್ದಾರೆ.

ಕುಡಿಯುವುದಿಲ್ಲ, ನಿಜ. ಆದರೆ ಆ ನಾಲೆಯನ್ನು ಕೆಡಿಸಿದ ಕೊಳಚೆಯೇ ಮಳೆಗಾಲದಲ್ಲಿ ನಮ್ಮ ಮನೆಯ ಸಂಪಿಗೂ ಬರಬಹುದು. ಅದಕ್ಕೇ ಇಂದಿನ ಪಾಠ. ದಯವಿಟ್ಟು ಕೊನೆಯವರೆಗೆ ಓದಿ.

*1. ಹರಿಯುವ ನೀರು ಕಪ್ಪಾಗುವುದು ಏಕೆ?*

ಮೀನು ಬದುಕಲು ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ನಮ್ಮ ಊರಿನ ಬಿಸಿಗೆ, ಅಂದರೆ ಸುಮಾರು 30 ಡಿಗ್ರಿಯಲ್ಲಿ, ಒಂದು ಲೀಟರ್ ಶುದ್ಧ ನೀರಿನಲ್ಲಿ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಅಷ್ಟೇ ಅದರ ಬಂಡವಾಳ.

ಮಲ, ಅಡುಗೆಮನೆಯ ತ್ಯಾಜ್ಯ, ಮಾರುಕಟ್ಟೆಯ ಕೊಳೆತ ತರಕಾರಿ ನೀರಿಗೆ ಬಿದ್ದಾಗ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಕರಗಿಸುತ್ತವೆ. ಹಾಗೆ ತಿನ್ನಲು ಅವು ಈ ಆಮ್ಲಜನಕವನ್ನೇ ಬಳಸುತ್ತವೆ. ಎಷ್ಟು ಬಳಸುತ್ತವೆ ಎಂಬ ಅಳತೆಗೆ *ಬಿಓಡಿ* ಎನ್ನುತ್ತಾರೆ. ಮನೆಗಳ ಕೊಳಚೆನೀರಿನ ಬಿಓಡಿ ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ: ಒಂದೇ ಲೀಟರ್ ಕೊಳಚೆ ಸುಮಾರು 30 ಲೀಟರ್ ಒಳ್ಳೆಯ ನೀರಿನ ಉಸಿರನ್ನು ಹೀರಿಬಿಡುತ್ತದೆ!

ಆಮ್ಲಜನಕ ಪೂರ್ತಿ ಮುಗಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಕೆಲಸ ಶುರು ಮಾಡುತ್ತವೆ. ಅವು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ಅದು ಕೆಸರಿನಲ್ಲಿರುವ ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಕೊಡುತ್ತದೆ. ನಾಲೆ ಕಪ್ಪಗಿದ್ದು ನಾರುತ್ತಿದೆ ಎಂದರೆ ಅದರಲ್ಲಿ ಉಸಿರೇ ಉಳಿದಿಲ್ಲ ಎಂದು ಅರ್ಥ.

*2. ಮಾಲಿನ್ಯಕ್ಕೆ ಮುಖ್ಯ ಕಾರಣಗಳು*

✅ *ಶುದ್ಧೀಕರಿಸದ ಕೊಳಚೆ:* ನಗರದ ನದಿ, ಕೆರೆಗಳ ಮೊದಲ ಶತ್ರು ಇದೇ. 18ನೆಯ ಶತಮಾನದಲ್ಲಿ ಪಚ್ಚೈಯಪ್ಪ ಮೊದಲಿಯಾರ್ ಕೂವಂ ನದಿಯಲ್ಲಿ ಮಿಂದು ದೇವರ ದರ್ಶನಕ್ಕೆ ಹೋಗುತ್ತಿದ್ದರು ಎನ್ನುತ್ತಾರೆ. ಇಂದು ಅದೇ ಕೂವಂನಲ್ಲಿ ಕಾಲಿಡಲೂ ಆಗದು.

✅ *ಸೋಪಿನ ಪುಡಿ ಮತ್ತು ರಂಜಕ:* ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು ನೆನಪಿರಬಹುದು. ಬಟ್ಟೆ, ಪಾತ್ರೆ ತೊಳೆಯುವ ಪುಡಿಯೂ ಕೊಳಚೆಯೂ ಸೇರಿದ ಫಲ ಅದು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿಯೇ ಹತ್ತಿಕೊಂಡಿತು.

✅ *ಕಾರ್ಖಾನೆಯ ತ್ಯಾಜ್ಯ ಮತ್ತು ಎಣ್ಣೆ:* 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯ ಹೊತ್ತಿಗೆ ಮಣಲಿ ಕಡೆಯಿಂದ ಬಂದ ಎಣ್ಣೆ ಎಣ್ಣೂರು ಅಳಿವೆಯವರೆಗೂ ಹರಡಿತು. ಮೀನುಗಾರರ ಬಲೆ, ದೋಣಿ ಎಲ್ಲ ಜಿಡ್ಡಾದವು.

✅ *ಗೊಬ್ಬರ, ಕೀಟನಾಶಕ:* ಹೊಲದಿಂದ ಹರಿದು ಬರುವ ಸಾರಜನಕ, ರಂಜಕ ಪಾಚಿಯನ್ನೂ ಜಲಕಳೆಯನ್ನೂ ಬೆಳೆಸುತ್ತವೆ.

✅ *ಕೆರೆ ಮುಚ್ಚುವುದು:* ತಮಿಳಿನಲ್ಲಿ 'ಏರಿ' ಎಂದರೆ ಕೆರೆ. ಓಟೇರಿಯ ಹೆಸರಿನಲ್ಲೇ ಏರಿ ಇದೆ. ಇಂದಿನ ಟಿ. ನಗರ ಎದ್ದು ನಿಂತದ್ದು 1920ರ ದಶಕದಲ್ಲಿ ಮುಚ್ಚಿದ ದೊಡ್ಡ ಕೆರೆಯ ಮೇಲೆ. ಕೆರೆ ಹೋದರೆ ಮಳೆನೀರು ಬರುವುದಿಲ್ಲ, ಕೊಳಚೆಯನ್ನು ತೆಳುಗೊಳಿಸುವ ಹರಿವೂ ಇರುವುದಿಲ್ಲ.

*3. ಕಣ್ಣಿಗೆ ಕಾಣುವ ಗುರುತುಗಳು*

🔸 ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ಸೂರ್ಯೋದಯಕ್ಕೆ ಮುಂಚೆ ಅದು ತೀರಾ ಕಡಿಮೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು.
🔸 ನೀರೆಲ್ಲ ಹಸಿರು ಬಣ್ಣದ ಹಾಗಿದ್ದರೆ ಅಥವಾ ಜಲಕಳೆ ಚಾಪೆ ಹಾಸಿದಂತಿದ್ದರೆ ಸಾರಜನಕ, ರಂಜಕ ಹೆಚ್ಚು.
🔸 ಆರದೆ ನಿಲ್ಲುವ ಬಿಳಿ ನೊರೆ ಇದ್ದರೆ ಸೋಪಿನ ಅಂಶ ಇದೆ.
🔸 ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳು ಮಾತ್ರ ಉಳಿದಿದ್ದರೆ ಉಳಿದ ಜೀವಿಗಳಿಗೆ ಅಲ್ಲಿ ಉಸಿರಿಲ್ಲ.

*4. ಪ್ರಯೋಗಾಲಯದ ಗುರುತುಗಳು*

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ, ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಓಡಿ 3 ಅಥವಾ ಕಡಿಮೆ ಇರಬೇಕು. ಮೀನು ಬದುಕಲು ಆಮ್ಲಜನಕ ಕನಿಷ್ಠ 4 ಬೇಕು.

ಕುಡಿಯುವ ನೀರಿಗೆ ಭಾರತೀಯ ಮಾನಕ ಹೀಗಿದೆ:
▪️ ಇ-ಕೋಲೈ ಬ್ಯಾಕ್ಟೀರಿಯಾ: 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು
▪️ ಪಿಎಚ್: 6.5ರಿಂದ 8.5
▪️ ಟಿಡಿಎಸ್: 500ರ ಒಳಗೆ (ಬೇರೆ ನೀರು ಇಲ್ಲದಿದ್ದರೆ 2000ದವರೆಗೆ)
▪️ ನೈಟ್ರೇಟ್: ಲೀಟರಿಗೆ 45 ಮಿಲಿಗ್ರಾಂ ಒಳಗೆ

ಇ-ಕೋಲೈ ಇದೆ ಎಂದರೆ ಆ ನೀರಿಗೆ ಮಲ ಸೇರಿದೆ ಎಂದೇ ಲೆಕ್ಕ. ನೈಟ್ರೇಟ್ ಹೆಚ್ಚಿದ್ದರೆ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಅಪಾಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

*5. ಬಹಳ ಜನ ಮಾಡುವ ತಪ್ಪು* ⚠️

ಈಗ ಮನೆಮನೆಯಲ್ಲೂ ಟಿಡಿಎಸ್ ಮೀಟರ್. ನೀರಲ್ಲಿ ಅದ್ದಿ, "150 ತೋರಿಸ್ತಿದೆ, ನೀರು ಚೆನ್ನಾಗಿದೆ" ಎಂದು ಧೈರ್ಯವಾಗಿ ಕುಡಿಯುತ್ತೇವೆ. *ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣವನ್ನು ಮಾತ್ರ ಅಂದಾಜು ಮಾಡುತ್ತದೆ. ರೋಗಾಣು ಅದಕ್ಕೆ ಕಾಣುವುದಿಲ್ಲ.* ಕಾಲರಾ, ಟೈಫಾಯಿಡ್, ಕಾಮಾಲೆಯ ರೋಗಾಣು ತುಂಬಿದ ನೀರೂ 150 ತೋರಿಸಬಹುದು.

ಪಟಿಕ ಹಾಕಿದರೆ ಕೆಸರು ತಳಕ್ಕೆ ಇಳಿಯುತ್ತದೆ, ನೀರು ತಿಳಿಯಾಗುತ್ತದೆ. ಆದರೆ ಅಷ್ಟರಿಂದಲೇ ನೀರು ಸುರಕ್ಷಿತ ಆಗುವುದಿಲ್ಲ.

*6. ನಲ್ಲಿಗೆ ಕೊಳಚೆ ಹೇಗೆ ಬರುತ್ತದೆ?*

ನಮ್ಮ ನಗರಕ್ಕೆ ಪುಳಲ್, ಪೂಂಡಿ, ಚೆಂಬರಂಬಾಕ್ಕಂ ಕೆರೆಗಳ ನೀರು ಬರುತ್ತದೆ. ನಮ್ಮ ಆಲಮಟ್ಟಿ ದಾಟಿ ಹರಿಯುವ ಕೃಷ್ಣೆಯ ನೀರೂ ಆಂಧ್ರದ ಕಂಡಲೇರಿನಿಂದ ಕಾಲುವೆಯಲ್ಲಿ ಪೂಂಡಿಗೆ ಬರುತ್ತದೆ. ಶುದ್ಧೀಕರಣ ಕೇಂದ್ರದಿಂದ ಹೊರಡುವಾಗ ಅದಕ್ಕೆ ಕ್ಲೋರಿನ್ ಸೇರಿರುತ್ತದೆ. ತೊಂದರೆ ದಾರಿಯಲ್ಲಿ.

ಹಳೆಯ ಬೀದಿಗಳಲ್ಲಿ ಕುಡಿಯುವ ನೀರಿನ ಪೈಪೂ ಒಳಚರಂಡಿಯೂ ಅಕ್ಕಪಕ್ಕ ಇರುತ್ತವೆ. ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಸುತ್ತಲಿನ ಕೊಳಚೆ ಒಳಗೆ ನುಗ್ಗುತ್ತದೆ. ಬೀದಿಯ ಪೈಪಿಗೆ ನೇರ ಮೋಟರ್ ಹಾಕಿ ಎಳೆದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಚರಂಡಿ ಉಕ್ಕಿ ಸಂಪಿನ ಮುಚ್ಚಳದ ಸಂದಿಯಿಂದಲೂ ಇಳಿಯುತ್ತದೆ.

ಒಂದೇ ಕಟ್ಟಡದಲ್ಲಿ ಕೆಲವೇ ದಿನಗಳಲ್ಲಿ ಇಬ್ಬರು ಮೂವರಿಗೆ ವಾಂತಿ, ಭೇದಿ ಅಥವಾ ಕಣ್ಣು ಹಳದಿ ಆದರೆ "ಹೋಟೆಲ್ ಊಟ" ಎಂದು ಸುಮ್ಮನಾಗಬೇಡಿ. ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ.

*7. ನಾವು ಮಾಡಬೇಕಾದ್ದು*

👉 ಕುಡಿಯುವ ನೀರು ಚೆನ್ನಾಗಿ ಮರಳಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ. ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಕೈ ಅದ್ದದೆ ಸೌಟಿನಿಂದ ತೆಗೆಯಿರಿ.

👉 ಸಂಪು, ಮೇಲಿನ ತೊಟ್ಟಿ ಎರಡನ್ನೂ ಮಳೆಗಾಲದ ಮೊದಲು ಮತ್ತು ನಂತರ ಖಾಲಿ ಮಾಡಿ ತೊಳೆಸಿ. ಮುಚ್ಚಿದ ಸಂಪಿನಲ್ಲಿ ವಿಷಾನಿಲ ಇರಬಹುದು, ಒಬ್ಬರನ್ನೇ ಇಳಿಸಬೇಡಿ.

👉 ತೊಳೆದು ತುಂಬಿದ ಮೇಲೆ 1000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ.

👉 ಅನುಮಾನವಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ನೀರಿನ ಪರೀಕ್ಷೆ ನಡೆಯುತ್ತದೆ. ನಲ್ಲಿಯಲ್ಲಿ ಕೊಳಚೆ ವಾಸನೆ ಬಂದರೆ ಮೆಟ್ರೋ ವಾಟರ್‌ನ 1916ಕ್ಕೆ ಕರೆ ಮಾಡಿ.

👉 ಭೇದಿ ಶುರುವಾದರೆ ತಕ್ಷಣ ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

👉 *ಗರ್ಭಿಣಿಗೆ ಕಾಮಾಲೆ ಬಂದರೆ ಮನೆಮದ್ದು ಬೇಡ.* ನೀರಿನಿಂದ ಬರುವ ಹೆಪಟೈಟಿಸ್-ಇ ಗರ್ಭಿಣಿಯರ ಜೀವಕ್ಕೇ ಅಪಾಯ.

👉 ನಿಂತ ಮಳೆನೀರಿನಲ್ಲಿ ನಡೆದ ಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಬಂದರೆ ವೈದ್ಯರಿಗೆ ಹಾಗೆಂದೇ ಹೇಳಿ. ಇಲಿಜ್ವರ ಇರಬಹುದು.

👉 ಉಳಿದ ಎಣ್ಣೆ, ಹಳೆಯ ಮಾತ್ರೆ, ಪ್ಲಾಸ್ಟಿಕ್ ಚರಂಡಿಗೆ ಹಾಕಬೇಡಿ. ಚರಂಡಿ ಕಟ್ಟಿಕೊಂಡರೆ ಅದು ಉಕ್ಕುವುದು ನಮ್ಮ ಬಾಗಿಲಲ್ಲೇ.

ಪುರಸೈವಾಕ್ಕಂಗೆ ಆ ಹೆಸರು ಬಂದದ್ದು 'ಪುರಸು' ಮರದಿಂದ ಎನ್ನುತ್ತಾರೆ. ಅದು ನಮ್ಮ ಮುತ್ತುಗದ ಮರವೇ. ಆ ಮರಗಳಿದ್ದ ಕಾಲದ ಹೊಳೆಯನ್ನು ನಾಳೆಯೇ ಮರಳಿ ತರಲು ನಮ್ಮಿಂದ ಆಗದಿರಬಹುದು. ಮನೆಯ ಸಂಪಿನ ಮುಚ್ಚಳ ತೆಗೆದು ನೋಡಲು ಈ ಭಾನುವಾರ ಹತ್ತು ನಿಮಿಷ ಸಾಕು.

ಈ ಮಾಹಿತಿ ಉಪಯೋಗವೆನಿಸಿದರೆ ನಿಮ್ಮ ಬಂಧುಗಳಿಗೂ ಕಟ್ಟಡದ ಗುಂಪಿಗೂ ಕಳುಹಿಸಿ. ಹಿರಿಯರಿಗೆ ಓದಿ ಹೇಳಿ.

ಶುದ್ಧ ನೀರು ಕುಡಿಯಿರಿ, ಆರೋಗ್ಯವಾಗಿರಿ 🙏